ಚಿಗರಿಯ ಚಿತ್ರಕ್ಕೆ ಅಂಕ ಕೊಡುವುದು ಹೇಗೆ?



ನಿಮ್ಮ ಕಾಲೇಜಿನಲ್ಲಿ ಒಂದು ಛಾಯಾಚಿತ್ರ ಸ್ಪರ್ಧೆ ಏರ್ಪಟ್ಟಿದೆ ಎಂದುಕೊಳ್ಳಿ. ವಿಷಯ: ನಮ್ಮ ಸುತ್ತಲಿನ ಪ್ರಾಣಿ ಪಕ್ಷಿಗಳು. ಕೊನೆಯ ಸುತ್ತಿನಲ್ಲಿ ಎರಡು ಚಿತ್ರಗಳು ಉಳಿದಿವೆ. ಮೊದಲನೆಯದರಲ್ಲಿ ಬಬಲೇಶ್ವರ ಕಡೆಯ ಎರೆಹೊಲದಲ್ಲಿ ಗಂಡು ಚಿಗರಿಯೊಂದು ನಾಲ್ಕೂ ಕಾಲು ನೆಲ ಬಿಟ್ಟು ಜಿಗಿದಿದೆ. ಕಣ್ಣು, ಕೊಂಬಿನ ಸುರುಳಿ, ಗೊರಸಿನ ಕೆಳಗೆ ಎದ್ದ ಧೂಳು ಎಲ್ಲವೂ ಸ್ಪಷ್ಟ. ಎರಡನೆಯದರಲ್ಲಿ ಜೋಳದ ಕೂಳೆಯ ನಡುವೆ ಒಂದು ಹಿಂಡು ದೂರದಲ್ಲಿ ಮೇಯುತ್ತಿದೆ. ಅಂಚಿನಲ್ಲಿ ಹೆಣ್ಣು ಚಿಗರಿಯೊಂದು ತನ್ನ ಮರಿಯನ್ನು ನೆಕ್ಕುತ್ತಿದೆ. ಪ್ರಾಣಿಗಳು ಚಿಕ್ಕದಾಗಿ ಕಾಣುತ್ತವೆ. ಬಹುಮಾನ ಯಾವುದಕ್ಕೆ?

ಹೆಚ್ಚಿನವರ ಬೆರಳು ಮೊದಲನೆಯ ಚಿತ್ರದ ಕಡೆಗೇ ಹೋಗುತ್ತದೆ. ಆದರೆ ತೀರ್ಪುಗಾರನ ಸ್ಥಾನದಲ್ಲಿ ಕುಳಿತವರು ಇನ್ನೊಂದು ಪ್ರಶ್ನೆ ಕೇಳಬೇಕು: ಆ ಚಿಗರಿ ಓಡುತ್ತಿದ್ದುದು ಏಕೆ?

ಪ್ರಾಣಿಯ ಚಿತ್ರವನ್ನು ನೋಡಿ ಹೀಗೆ ಪ್ರಶ್ನೆ ಕೇಳುವುದನ್ನು ಮನುಷ್ಯ ಒಂದೇ ದಿನದಲ್ಲಿ ಕಲಿಯಲಿಲ್ಲ. ಅದಕ್ಕೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಕಿರುತೆರೆಯ ಮಾತುಕತೆಯಲ್ಲಿ ಚಿತ್ರಗಳು ಕೆಲವು ಕ್ಷಣ ಕಂಡು ಮರೆಯಾಗುತ್ತವೆ. ಈ ಪುಟಗಳಲ್ಲಿ ಅದೇ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ವಿಜಯಪುರದ ಆನೆ, ವಿಜಯಪುರದ ಕ್ಯಾಮರಾ

ವಿಜಯಪುರಕ್ಕೆ ಪ್ರಾಣಿಚಿತ್ರ ಹೊಸದಲ್ಲ. 1580ರಿಂದ 1627ರವರೆಗೆ ಆಳಿದ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ ಸಂಗೀತ, ಚಿತ್ರಕಲೆಗಳ ಪೋಷಕ. ಅವನ ಪ್ರೀತಿಯ ಆನೆಯ ಹೆಸರು ಆತಿಶ್‌ಖಾನ್. ಅವನೇ ರಚಿಸಿದ ‘ಕಿತಾಬ್-ಎ-ನೌರಸ್’ ಎಂಬ ಗೀತಸಂಗ್ರಹದಲ್ಲಿಯೂ ಈ ಆನೆಯ ಹೆಸರು ಬರುತ್ತದೆ. ಆತಿಶ್‌ಖಾನನ ಮೇಲೆ ಸುಲ್ತಾನ ಕುಳಿತಿರುವ ದೃಶ್ಯವನ್ನು ಆಸ್ಥಾನದ ಚಿತ್ರಕಾರರು ಬರೆದಿದ್ದಾರೆ. ಆನೆಯ ನಡಿಗೆಯನ್ನು, ಅದರ ಮೈಯ ಭಾರವನ್ನು ಬಲ್ಲವರ ಕೈಕೆಲಸ ಅದು.

ಆದರೆ ಒಂದು ಮಾತು ಗಮನಿಸಿ. ಆ ಚಿತ್ರವನ್ನು ನೋಡಿದವರು ‘ಇದು ನಿಜವಾಗಿ ಹೀಗೆಯೇ ನಡೆಯಿತೇ?’ ಎಂದು ಕೇಳುವುದಿಲ್ಲ. ಬಣ್ಣ ಬದಲಿಸುವ, ಮರವೊಂದನ್ನು ತಂದು ನಿಲ್ಲಿಸುವ ಸ್ವಾತಂತ್ರ್ಯ ಚಿತ್ರಕಾರನಿಗೆ ಇದ್ದೇ ಇದೆ. ಛಾಯಾಚಿತ್ರದ ಮಾತು ಬೇರೆ. ಅದು ನಮ್ಮ ಮುಂದೆ ಬಂದು ನಿಂತಾಗಲೇ ‘ಇದು ನಡೆದದ್ದು’ ಎಂದು ಹೇಳುತ್ತದೆ. ಆ ಮಾತು ಸುಳ್ಳಾದರೆ ಚಿತ್ರದ ಬೆಲೆಯೂ ಹೋಗುತ್ತದೆ.

ನಮ್ಮ ಊರಿಗೆ ಕ್ಯಾಮರಾ ಬಂದದ್ದು ಕೂಡ ಬೇಗನೆ. 1855ರಲ್ಲಿ ಮುಂಬಯಿ ಸರಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಸೈನಿಕ ಅಧಿಕಾರಿಯನ್ನು ಹಳೆಯ ಕಟ್ಟಡಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಅವನು ಕೆಲಸ ಮಾಡಿದ. 1866ರಲ್ಲಿ ಪ್ರಕಟವಾದ ವಿಜಯಪುರದ ವಾಸ್ತುಶಿಲ್ಪದ ದೊಡ್ಡ ಗ್ರಂಥದಲ್ಲಿ ಅವನ ಚಿತ್ರಗಳೂ ಇವೆ. ಅವನು ಬಳಸಿದ್ದು ಕಾಗದದ ನೆಗೆಟಿವ್. ಅದರ ಮೇಲೆ ಬಿಂಬ ಮೂಡಲು ಬಹಳ ಹೊತ್ತು ಬೆಳಕು ಬೀಳಬೇಕಾಗಿತ್ತು. ಗುಮ್ಮಟ ಅಲುಗಾಡುವುದಿಲ್ಲ, ಆದ್ದರಿಂದ ಮೂಡಿತು. ಎದುರಿಗೆ ಹಾದುಹೋದ ನಾಯಿಯಾಗಲಿ, ಹಾರಿದ ಪಾರಿವಾಳವಾಗಲಿ ಮಸುಕಾಗಿ ಮರೆಯಾಗುತ್ತಿತ್ತು. ಕ್ಯಾಮರಾ ಬಂದಿದ್ದರೂ ಓಡಾಡುವ ಜೀವಿ ಅದಕ್ಕೆ ಇನ್ನೂ ಸಿಕ್ಕಿರಲಿಲ್ಲ.

ಕುದುರೆ ಕಲಿಸಿದ ಪಾಠ

ಆ ಕೊರತೆ ನೀಗಿದ್ದು 1878ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತ ಓಟದ ಹಾದಿಯ ಬದಿಗೆ ಕ್ಯಾಮರಾಗಳನ್ನು ಸಾಲಾಗಿ ಇಟ್ಟು, ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಬೇರೆಬೇರೆಯಾಗಿ ಹಿಡಿದ. ಅದುವರೆಗೆ ಯುರೋಪಿನ ಚಿತ್ರಕಾರರು ಓಡುವ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. ಮೈಬ್ರಿಜ್‌ನ ಚಿತ್ರಗಳು ಬೇರೆಯದೇ ಸಂಗತಿ ತೋರಿಸಿದವು: ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಆ ಕ್ಷಣದಲ್ಲಿ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿರುತ್ತವೆ. ಶತಮಾನಗಳ ಕಾಲ ಕಣ್ಣು ಕಂಡದ್ದನ್ನು ಕ್ಯಾಮರಾ ತಿದ್ದಿತು.

ಪ್ರಾಣಿಯ ಛಾಯಾಚಿತ್ರಕ್ಕೆ ಮರ್ಯಾದೆ ಬಂದದ್ದು ಹೀಗೆ, ಸಾಕ್ಷಿಯಾಗಿ. ಅಂದ ಅದಕ್ಕೆ ಆಮೇಲೆ ಸೇರಿತು.

ಬಂದೂಕಿನ ಬದಲು

1892ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸಹೋದರರು ಮೊಟ್ಟೆಗಳಿದ್ದ ಹಕ್ಕಿಗೂಡೊಂದರ ಚಿತ್ರ ತೆಗೆದರು. ಹಕ್ಕಿಗಳ ಹತ್ತಿರ ಹೋಗಲು ಅವರು ಹೂಡಿದ ಉಪಾಯಗಳಲ್ಲಿ ಟೊಳ್ಳು ಎತ್ತಿನದೂ ಒಂದು: ಎತ್ತಿನ ಚರ್ಮದಿಂದ ಮಾಡಿದ ಆ ಗೊಂಬೆಯೊಳಗೆ ಅಡಗಿ ಕ್ಯಾಮರಾ ಹಿಡಿಯುತ್ತಿದ್ದರು. 1906ರಲ್ಲಿ ಅಮೆರಿಕದ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಜಾರ್ಜ್ ಶೈರಾಸ್ ರಾತ್ರಿ ಹೊತ್ತು ಮಿಂಚುಬೆಳಕಿನಲ್ಲಿ ತೆಗೆದ ವನ್ಯಪ್ರಾಣಿಗಳ ಚಿತ್ರಗಳನ್ನು ಪ್ರಕಟಿಸಿತು.

ಭಾರತದಲ್ಲಿ ಈ ದಾರಿ ತೆರೆದವರಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಪ್ರಮುಖರು. ಅಂದಿನ ಸಂಯುಕ್ತ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಅವರು ಹುಲಿ ನಡೆಯುವ ಹಾದಿಗೆ ಅಡ್ಡಲಾಗಿ ತಂತಿ ಕಟ್ಟುತ್ತಿದ್ದರು. ಹುಲಿಯ ಕಾಲು ತಗುಲಿದೊಡನೆ ಬೆಳಕು ಮಿಂಚಿ ಚಿತ್ರ ಮೂಡುತ್ತಿತ್ತು. ಅವರ ಪುಸ್ತಕ 1927ರಲ್ಲಿ ಪ್ರಕಟವಾಯಿತು. ಹುಲಿಯನ್ನು ಕೊಂದು ಅದರ ಪಕ್ಕದಲ್ಲಿ ಕಾಲೂರಿ ನಿಂತು ಚಿತ್ರ ತೆಗೆಸಿಕೊಳ್ಳುವುದೇ ದೊಡ್ಡಸ್ತಿಕೆಯಾಗಿದ್ದ ಕಾಲದಲ್ಲಿ, ಬಂದೂಕಿಗಿಂತ ಕ್ಯಾಮರಾ ಮೇಲು ಎಂದು ವಾದಿಸಿದವರು ಚಾಂಪಿಯನ್. ಹುಲಿಯ ಮೈಮೇಲಿನ ಪಟ್ಟೆ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ ಎಂಬುದನ್ನೂ ಅವರ ಚಿತ್ರಗಳು ತೋರಿಸಿದವು.

ಆ ವಿಚಾರ ಕರ್ನಾಟಕದಲ್ಲಿ ವಿಜ್ಞಾನದ ಉಪಕರಣವಾಯಿತು. ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಕ್ಯಾಮರಾ ಬಲೆಯಲ್ಲಿ ಸಿಕ್ಕ ಹುಲಿಗಳನ್ನು ಪಟ್ಟೆಯಿಂದ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಅಲ್ಲಿ ಒಂದು ಚಿತ್ರವನ್ನು ಯಾರಾದರೂ ತಿದ್ದಿದ್ದರೆ ಎಣಿಕೆಯೇ ತಪ್ಪುತ್ತಿತ್ತು. ಚಿತ್ರದ ಪ್ರಾಮಾಣಿಕತೆ ಬರೀ ನೀತಿಪಾಠವಲ್ಲ, ಅದರ ಮೇಲೆ ಲೆಕ್ಕವೂ ನಿಲ್ಲುತ್ತದೆ ಎನ್ನಲು ಇದೊಂದು ಉದಾಹರಣೆ ಸಾಕು.

ಕರ್ನಾಟಕದ ಗುರುಪರಂಪರೆ

ವನ್ಯಜೀವಿ ಛಾಯಾಗ್ರಹಣದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. ಬೆಂಗಳೂರಿನ ಓ. ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಟಿ. ಎನ್. ಎ. ಪೆರುಮಾಳ್ (1932–2017) ಲಂಡನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಫೆಲೋ ಆದರು. ತಾವು ಕಲಿತದ್ದನ್ನು ಮುಚ್ಚಿಡದೆ ಹತ್ತಾರು ಮಂದಿ ಕಿರಿಯರಿಗೆ ಕಲಿಸಿದರು. ಇ. ಹನುಮಂತರಾವ್ ಅವರ ಚಿತ್ರಗಳು ಹೊರದೇಶಗಳ ಪುಸ್ತಕ, ಪತ್ರಿಕೆಗಳನ್ನೂ ತಲುಪಿದವು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರನ್ನು (1938–2007) ನೀವು ಓದಿಯೇ ಇರುತ್ತೀರಿ.

ನಮ್ಮ ಉತ್ತರ ಕರ್ನಾಟಕದವರೇ ಆದ ಸಂಡೂರಿನ ಎಂ. ವೈ. ಘೋರ್ಪಡೆ (1931–2011) ಅವರನ್ನು ವಿಶೇಷವಾಗಿ ನೆನೆಯಬೇಕು. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದ ಇವರು ಕಪ್ಪು ಬಿಳುಪಿನಲ್ಲಿ ಕಾಡುಪ್ರಾಣಿಗಳನ್ನು ಚಿತ್ರಿಸಿದರು. ಪ್ರಾಣಿ ಚೌಕಟ್ಟನ್ನೆಲ್ಲ ತುಂಬಬೇಕೆಂಬ ಹಟ ಅವರದಲ್ಲ. ಬೆಳಕು, ನೆರಳು, ಮರ, ಬೆಟ್ಟಗಳ ನಡುವೆ ಪ್ರಾಣಿ ಬದುಕುವ ಬಗೆಯೂ ಅವರ ಚಿತ್ರಗಳಲ್ಲಿ ಸೇರಿತು.

ಇಂಥವರ ಕೆಲಸವನ್ನು ನೋಡಿ ಹವ್ಯಾಸಿಗಳು ಕಲಿತದ್ದು ಛಾಯಾಗ್ರಾಹಕರ ಸಂಘಗಳಲ್ಲಿ. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅಂಥದೊಂದು. ಸಂಘಗಳಲ್ಲಿ ಸದಸ್ಯರು ಚಿತ್ರ ತಂದಿಡುತ್ತಾರೆ, ಹಿರಿಯರು ಎಲ್ಲರ ಎದುರಿಗೇ ಗುಣದೋಷ ಹೇಳುತ್ತಾರೆ. ‘ಚೆನ್ನಾಗಿದೆ’ ಎಂಬ ಒಂದು ಮಾತಿನಿಂದ ಯಾರೂ ಮುಂದೆ ಹೋಗುವುದಿಲ್ಲ. ‘ಕಣ್ಣಿನಲ್ಲಿ ಫೋಕಸ್ ಇಲ್ಲ, ಕಿವಿಯಲ್ಲಿ ಇದೆ’ ಎಂಬ ಮಾತಿನಿಂದ ಹೋಗುತ್ತಾರೆ.

ಗೂಡಿನ ಪ್ರಶ್ನೆ

ಹಿರಿಯರ ಕಾಲದ ಒಂದು ಪದ್ಧತಿಯನ್ನು ಇಲ್ಲಿ ವಿಚಾರ ಮಾಡಬೇಕು. ಅಂದು ಹಕ್ಕಿಗಳ ಅನೇಕ ಒಳ್ಳೆಯ ಚಿತ್ರಗಳು ಗೂಡಿನ ಬಳಿ ತೆಗೆದವು. ಅದಕ್ಕೆ ಕಾರಣವೂ ಇತ್ತು. ಕೊಡಾಕ್ರೋಮ್ 64ರಂಥ ಫಿಲ್ಮಿಗೆ ಧಾರಾಳವಾಗಿ ಬೆಳಕು ಬೇಕು; ದೂರದ ಲೆನ್ಸ್ ಎಲ್ಲರ ಕೈಗೂ ಎಟುಕುತ್ತಿರಲಿಲ್ಲ. ಹಕ್ಕಿ ಖಂಡಿತವಾಗಿ ಮರಳಿ ಬರುವ ಜಾಗ ಗೂಡೊಂದೇ. ಬಟ್ಟೆಯ ಮರೆಯೊಂದನ್ನು ದೂರದಲ್ಲಿ ನಿಲ್ಲಿಸಿ, ದಿನಕ್ಕಿಷ್ಟು ಹತ್ತಿರ ಸರಿಸುತ್ತ, ಹಕ್ಕಿ ಅದಕ್ಕೆ ಹೊಂದಿಕೊಂಡ ಮೇಲೆ ಒಳಗೆ ಕುಳಿತು ಚಿತ್ರ ತೆಗೆಯುತ್ತಿದ್ದರು. ಬಹಳ ತಾಳ್ಮೆ ಬೇಡುವ ಕೆಲಸ ಅದು. ಮಾಡುವವರೂ ಕೆಲವರೇ ಇದ್ದರು.

ಇಂದು ಸಂದರ್ಭ ಬದಲಾಗಿದೆ. ಐಎಸ್‌ಒ 3200ರಲ್ಲಿ ಇಟ್ಟ ಡಿಜಿಟಲ್ ಕ್ಯಾಮರಾ ಆ ಫಿಲ್ಮಿಗಿಂತ 50 ಪಟ್ಟು ಕಡಿಮೆ ಬೆಳಕಿನಲ್ಲಿ ಕೆಲಸ ಮಾಡುತ್ತದೆ. ಕ್ಯಾಮರಾ ಹಿಡಿದವರ ಸಂಖ್ಯೆಯೂ ಬೆಳೆದಿದೆ. ಒಬ್ಬರು ಗೂಡಿನ ಜಾಗ ಹೇಳಿದರೆ ಸಂಜೆಯೊಳಗೆ ಇಪ್ಪತ್ತು ಜನ ಬಂದು ನಿಲ್ಲುವ ಕಾಲ ಇದು. ನಮ್ಮ ಬಯಲಿನಲ್ಲಿ ಟಿಟ್ಟಿಭ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಬೇಸಿಗೆಯ ಉರಿಬಿಸಿಲಿನಲ್ಲಿ ತಾಯಿಹಕ್ಕಿ ಮೇಲೆ ನಿಂತು ನೆರಳು ಕೊಡದಿದ್ದರೆ ಮೊಟ್ಟೆ ಕೆಡುತ್ತದೆ. ನೀವು ಹತ್ತು ನಿಮಿಷ ಅಲ್ಲಿ ನಿಂತರೆ, ಆ ಹತ್ತು ನಿಮಿಷವೂ ಅದು ಕೂಗುತ್ತ ಆಕಾಶದಲ್ಲೇ ಸುತ್ತುತ್ತದೆ. ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೂಡು ಚೆನ್ನಾಗಿ ಕಾಣಲೆಂದು ಒಂದು ರೆಂಬೆ ಸರಿಸಿದರೆ ಅದು ಕಾಗೆಗೂ ಚೆನ್ನಾಗಿಯೇ ಕಾಣುತ್ತದೆ.

ಆದ್ದರಿಂದಲೇ ಇಂದು ಭಾರತದ ಅನೇಕ ಸ್ಪರ್ಧೆಗಳು ಗೂಡಿನಲ್ಲಿರುವ ಹಕ್ಕಿಯ ಚಿತ್ರವನ್ನು ಸ್ವೀಕರಿಸುವುದಿಲ್ಲ. ಹಿರಿಯರ ಚಿತ್ರಗಳನ್ನು ನಾವು ಗೌರವದಿಂದ ನೋಡೋಣ. ಆ ವಿಧಾನವನ್ನು ಅವರ ಕಾಲಕ್ಕೇ ಬಿಡೋಣ.

ಕಾನೂನೂ ಈ ಮಾತನ್ನೇ ಹೇಳುತ್ತದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಪ್ರಾಣಿಯನ್ನು ಬೆನ್ನಟ್ಟುವುದು, ಅಟ್ಟಿ ಓಡಿಸುವುದು, ಆಮಿಷ ಒಡ್ಡುವುದು, ಕಾಡುಹಕ್ಕಿಯ ಗೂಡನ್ನೋ ಮೊಟ್ಟೆಯನ್ನೋ ಕದಡುವುದು ಇವೆಲ್ಲ ಆ ಶಬ್ದದ ಅರ್ಥದೊಳಗೆ ಬರುತ್ತವೆ. ಚಿಗರಿ, ಅಂದರೆ ಕೃಷ್ಣಮೃಗ, ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಮೋಟಾರ್ ಸೈಕಲ್ ಮೇಲೆ ಚಿಗರಿಯನ್ನು ಅಟ್ಟಿ ‘ಒಳ್ಳೆಯ ಆಕ್ಷನ್ ಫೋಟೋ’ ತೆಗೆದವನ ಕೈಯಲ್ಲಿ ಬಂದೂಕು ಇಲ್ಲದಿರಬಹುದು, ಕಾನೂನಿನ ಕಣ್ಣಿಗೆ ಅದು ಬೇಟೆ. ಇದಕ್ಕೆ ಶರೀರವಿಜ್ಞಾನದ ಕಾರಣವೂ ಇದೆ. ಅಟ್ಟಿಸಿಕೊಂಡು ವಿಪರೀತ ಓಡಿದ ಜಿಂಕೆ, ಚಿಗರಿಗಳ ಸ್ನಾಯುಗಳು ಒಳಗೇ ಹಾಳಾಗಿ, ಕೆಲವು ಗಂಟೆಗಳ ಅಥವಾ ದಿನಗಳ ಮೇಲೆ ಪ್ರಾಣಿ ಸಾಯುವುದುಂಟು. ಚಿತ್ರ ತೆಗೆದವನು ಆ ಹೊತ್ತಿಗೆ ಮನೆ ಸೇರಿರುತ್ತಾನೆ.

ತೀರ್ಪು ತಿರುಗಿದ ಎರಡು ಪ್ರಸಂಗ

ಜಗತ್ತಿನ ಹೆಸರಾಂತ ತೀರ್ಪುಗಾರರಿಗೂ ಈ ಪರೀಕ್ಷೆ ಬಂದಿದೆ. ಲಂಡನ್ನಿನಲ್ಲಿ ನಡೆಯುವ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಸ್ಪೇನಿನ ಛಾಯಾಗ್ರಾಹಕರೊಬ್ಬರಿಗೆ ಹೋಯಿತು. ರಾತ್ರಿ ವೇಳೆ ತೋಳವೊಂದು ಕಟ್ಟಿಗೆಯ ಗೇಟನ್ನು ಹಾರುತ್ತಿರುವ ಚಿತ್ರ ಅದು. ಆ ತೋಳ ಸಾಕಿ ಪಳಗಿಸಿದ್ದಾಗಿರುವ ಸಾಧ್ಯತೆ ಬಹಳ ಹೆಚ್ಚು ಎಂದು ನಿರ್ಣಯಿಸಿ 2010ರ ಜನವರಿಯಲ್ಲಿ ಬಹುಮಾನ ಹಿಂದಕ್ಕೆ ಪಡೆದರು. ಅದೇ ಸ್ಪರ್ಧೆಯಲ್ಲಿ 2017ರಲ್ಲಿ ಗೆದ್ದ ಇನ್ನೊಂದು ಚಿತ್ರದಲ್ಲಿ ಬ್ರೆಜಿಲಿನ ಇರುವೆಭಕ್ಷಕ ಪ್ರಾಣಿಯೊಂದು ಮಿನುಗುವ ಗೆದ್ದಲುಹುತ್ತದ ಬಳಿ ನಿಂತಿತ್ತು. ಅದು ಉದ್ಯಾನದಲ್ಲಿದ್ದ, ಒಣಹುಲ್ಲು ತುಂಬಿ ನಿಲ್ಲಿಸುವ ಬಗೆಯ ಗೊಂಬೆಯನ್ನೇ ಹೋಲುತ್ತದೆ ಎಂದು ಪ್ರಾಣಿಶಾಸ್ತ್ರಜ್ಞರು ಕೂದಲು, ಭಂಗಿಗಳನ್ನು ಹೋಲಿಸಿ ಹೇಳಿದರು. 2018ರಲ್ಲಿ ಆ ಬಹುಮಾನವೂ ರದ್ದಾಯಿತು. ಇಬ್ಬರೂ ಛಾಯಾಗ್ರಾಹಕರು ಆರೋಪವನ್ನು ಒಪ್ಪಲಿಲ್ಲ.

ಗಮನಿಸಿ: ಬಹುಮಾನ ಹೋದ ಮೇಲೂ ಆ ಚಿತ್ರಗಳ ಬೆಳಕು, ಚೌಕಟ್ಟು, ಸ್ಪಷ್ಟತೆ ಒಂದಿಷ್ಟೂ ಬದಲಾಗಿರಲಿಲ್ಲ. ಹೋದದ್ದು ನಂಬಿಕೆ ಮಾತ್ರ.

2015ರಿಂದ ಮೂರು ಅಂತಾರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ನಿಸರ್ಗ ಛಾಯಾಚಿತ್ರಕ್ಕೆ ಒಂದೇ ವ್ಯಾಖ್ಯೆಯನ್ನು ಅನುಸರಿಸುತ್ತಿವೆ. ಅದರ ಸಾರ ಇಷ್ಟು: ವಿಷಯ ಬಲ್ಲವರು ಚಿತ್ರದಲ್ಲಿರುವ ಜೀವಿಯನ್ನು ಗುರುತಿಸಲು ಸಾಧ್ಯವಾಗಬೇಕು, ಅದನ್ನು ಪ್ರಾಮಾಣಿಕವಾಗಿ ತೋರಿಸಿರಬೇಕು, ಚಿತ್ರ ಹೇಳುವ ಕಥೆಗೆ ಅಂದಕ್ಕಿಂತ ಹೆಚ್ಚು ತೂಕ, ಅಂಚು ಕತ್ತರಿಸುವುದನ್ನು ಬಿಟ್ಟರೆ ಚಿತ್ರದೊಳಗಿನ ಯಾವುದನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ, ಸರಿಸುವಂತಿಲ್ಲ. ಕೃತಕ ಬುದ್ಧಿಮತ್ತೆಯಿಂದ ಇಲ್ಲದ ಚಿಗರಿಯನ್ನೂ ಸೃಷ್ಟಿಸಬಹುದಾದ ಈ ದಿನಗಳಲ್ಲಿ ಈ ನಿಯಮಕ್ಕೆ ಬೆಲೆ ಹೆಚ್ಚಿದೆ. ಅನೇಕ ಸ್ಪರ್ಧೆಗಳು ಕೊನೆಯ ಸುತ್ತಿನವರಿಂದ ಕ್ಯಾಮರಾದ ಮೂಲ ಕಡತವನ್ನೇ ಕೇಳಿ ಪರೀಕ್ಷಿಸುತ್ತವೆ.

ಅಂಕ ಕೊಡುವ ಕ್ರಮ

ನಿಮ್ಮ ಶಾಲೆ, ಕಾಲೇಜಿನ ಸ್ಪರ್ಧೆಗೆ ಒಂದು ಸರಳ ಕ್ರಮವನ್ನು ಸೂಚಿಸುತ್ತೇನೆ. ಮೊದಲು ಎರಡು ಪ್ರಶ್ನೆ ಕೇಳಿ: ಇದು ನಿಜವೇ? ಇದಕ್ಕಾಗಿ ಪ್ರಾಣಿಗೆ ತೊಂದರೆಯಾಯಿತೇ? ಇವಕ್ಕೆ ಅಂಕವಿಲ್ಲ, ಹೌದು ಅಥವಾ ಅಲ್ಲ ಎಂಬುದಷ್ಟೇ. ಚಿತ್ರ ತೆಗೆದವರೇ ಬಂದು ದಿನಾಂಕ, ಜಾಗ, ಹೊತ್ತು, ಪ್ರಾಣಿ ಏನು ಮಾಡುತ್ತಿತ್ತು ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಲಿ. ಇಲ್ಲಿ ತೇರ್ಗಡೆಯಾದ ಚಿತ್ರಕ್ಕೆ 20 ಅಂಕದ ಲೆಕ್ಕ ಹಾಕಿ: ಜೀವಿಯ ಬದುಕಿನ ಬಗ್ಗೆ ಚಿತ್ರ ಹೇಳುವುದಕ್ಕೆ 8, ಸ್ಪಷ್ಟತೆ ಮತ್ತು ಬೆಳಕಿಗೆ 6, ಚೌಕಟ್ಟಿನ ಜೋಡಣೆಗೆ 6.

ಈಗ ಆ ಎರಡು ಚಿಗರಿ ಚಿತ್ರಗಳನ್ನು ಹೀಗೆ ನೋಡಿ. ಗಂಡು ಚಿಗರಿ ಇನ್ನೊಂದು ಗಂಡನ್ನು ತನ್ನ ಜಾಗದಿಂದ ಓಡಿಸುತ್ತಿದ್ದಾಗ ಜಿಗಿದಿದ್ದರೆ ಬಹುಮಾನ ಅದಕ್ಕೇ ಸಲ್ಲಲಿ. ಮೋಟಾರ್ ಸೈಕಲ್ಲಿಗೆ ಹೆದರಿ ಜಿಗಿದಿದ್ದರೆ ಅದು ಮೊದಲ ಬಾಗಿಲಲ್ಲೇ ಹೊರಗೆ. ಆಗ ಮರಿಯನ್ನು ನೆಕ್ಕುವ ತಾಯಿಯ ಚಿತ್ರ ಗೆಲ್ಲುತ್ತದೆ, ಸ್ಪಷ್ಟತೆಯಲ್ಲಿ ಎರಡು ಅಂಕ ಕಡಿಮೆ ಬಂದರೂ ಸರಿಯೇ. ಅಷ್ಟು ಹೊತ್ತು ಹಿಂಡು ನಿಶ್ಚಿಂತೆಯಿಂದ ಮೇಯುವಂತೆ ಕುಳಿತಿದ್ದವರ ಕೆಲಸ ಅದು.

ಚಿತ್ರ ಸುಧಾರಿಸುವ ಬಗೆ

ಅಭ್ಯಾಸಕ್ಕೆ ಚಿಗರಿಯ ಬಳಿಗೇ ಹೋಗಬೇಕಾಗಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಬರುವ ಖಿಲಾರಿ ಎತ್ತುಗಳು, ತಿಕೋಟಾದ ದ್ರಾಕ್ಷಿತೋಟದ ಅಂಚಿನ ಗುಬ್ಬಿ, ಮನೆಯ ಕೋಳಿ ಇವೇ ಒಳ್ಳೆಯ ಗುರುಗಳು. ಸಾಕುಪ್ರಾಣಿಯ ಚಿತ್ರವನ್ನು ವನ್ಯಜೀವಿ ವಿಭಾಗಕ್ಕೆ ಕಳಿಸುವಂತಿಲ್ಲ, ಆದರೆ ಕಣ್ಣಿನ ಮೇಲೆ ಫೋಕಸ್ ನಿಲ್ಲಿಸುವುದನ್ನು, ಪ್ರಾಣಿಯ ಎತ್ತರಕ್ಕೆ ಕುಳಿತು ನೋಡುವುದನ್ನು ಅಲ್ಲಿ ಕಲಿಯಬಹುದು. ಎತ್ತಿನ ಒಡೆಯರನ್ನು ಮೊದಲು ಕೇಳಿ; ಎತ್ತಿನ ಸ್ವಭಾವವನ್ನೂ ಅವರೇ ಹೇಳುತ್ತಾರೆ.

ಎರೆ ಬಯಲಿನಲ್ಲಿ ಬೆಳಗಿನ ಹತ್ತು ಗಂಟೆಯ ಮೇಲೆ ದೂರದ ಚಿತ್ರ ಯಾವ ಬೆಲೆಯ ಲೆನ್ಸಿನಲ್ಲೂ ಸ್ಪಷ್ಟವಾಗಿ ಬರುವುದು ಕಷ್ಟ. ಕಾದ ನೆಲದ ಮೇಲಿನ ಬಿಸಿಗಾಳಿಯ ಪದರಗಳು ಬೆಳಕನ್ನು ಬಗ್ಗಿಸುತ್ತವೆ. ಬಿಸಿಲ್ಗುದುರೆ ಕಾಣುವುದೂ ಇದೇ ಕಾರಣದಿಂದ. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯನ್ನು ಬಳಸಿಕೊಳ್ಳಿ. ಕ್ಯಾಮರಾದ ಬೆಳಕಿನ ಅಳತೆ ಎಲ್ಲವನ್ನೂ ನಡುಬೂದು ಬಣ್ಣವೆಂದು ಭಾವಿಸುತ್ತದೆ. ಕಪ್ಪು ನೆಲದ ಮೇಲಿನ ಬೆಳ್ಳಕ್ಕಿ ಸುಣ್ಣದ ಮುದ್ದೆಯಂತೆ ಬಂದರೆ ಬೆಳಕನ್ನು ಒಂದು ಹಂತ ಕಡಿಮೆ ಮಾಡಿ, ರೆಕ್ಕೆಯ ಗರಿಗಳು ಕಾಣತೊಡಗುತ್ತವೆ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದ ಒಂದು ಭಾಗದ ವೇಗವಾದರೂ ಬೇಕು.

ಬರೀ ಮೊಬೈಲ್ ಇದ್ದವರು ಬೇಸರಪಡಬೇಡಿ. ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲದ ವಿಶಾಲ ಕೆರೆಯಿದೆ. ವಿಜಯಪುರದಲ್ಲಿ ಬೇಗಂ ತಲಾಬ್ ಇದೆ. ಕೆರೆಯ ಏರಿ, ನೀರು, ಅಂಚಿನಲ್ಲಿ ನಿಂತ ಬೆಳ್ಳಕ್ಕಿ ಇಷ್ಟನ್ನೂ ಒಟ್ಟಿಗೆ ತೋರಿಸುವ ಚಿತ್ರಕ್ಕೆ ಮೊಬೈಲ್ ಸಾಕು. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಒಂದೊಂದು ಚಿತ್ರ ತೆಗೆದರೆ, ನೀರು ಏರಿಳಿದಂತೆ ಯಾವ ಹಕ್ಕಿ ಬಂತು, ಯಾವುದು ಹೋಯಿತು ಎಂಬುದಕ್ಕೆ ವರ್ಷದ ಕೊನೆಗೆ ನಿಮ್ಮ ಬಳಿ ಹನ್ನೆರಡು ಸಾಕ್ಷಿಗಳಿರುತ್ತವೆ.

ಕೊನೆಯದಾಗಿ, ಪ್ರಾಣಿ ಮೇಯುವುದನ್ನು ಬಿಟ್ಟು ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲೇ ನಿಲ್ಲಿ. ಅದು ಮತ್ತೆ ತಲೆ ಬಗ್ಗಿಸುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ಬಗ್ಗಿಸದಿದ್ದರೆ ಒಂದೆರಡು ಹೆಜ್ಜೆ ಹಿಂದಕ್ಕೆ ಬನ್ನಿ. ಚಿತ್ರದ ಜೊತೆಗೆ ಒಂದು ನೋಟುಪುಸ್ತಕ ಇಟ್ಟು ದಿನಾಂಕ, ಹೊತ್ತು, ದೂರ, ಕಂಡದ್ದು ಎಲ್ಲ ಬರೆಯಿರಿ. ಗೂಡು ಕಂಡರೆ ಅದರ ಜಾಗವನ್ನು ಮಾತ್ರ ಯಾರಿಗೂ ಹೇಳಬೇಡಿ. ಮುಂದಿನ ಸ್ಪರ್ಧೆಯಲ್ಲಿ ತೀರ್ಪುಗಾರರು ‘ಇದನ್ನು ಹೇಗೆ ತೆಗೆದಿರಿ?’ ಎಂದು ಕೇಳಿದಾಗ ಆ ಪುಸ್ತಕವನ್ನೇ ಅವರ ಮುಂದೆ ಇಡಿ.